ಎಡಗಾಲಿಗೆ ಭಾರವಾದ ಕ್ಲಚ್

ಹಣ ಕೊಟ್ಟು ಕಾರು ಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕಾರಿನ ಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡು, ಮನೆಯ ಗ್ಯಾರೇಜಿನಲ್ಲಿ ರಜಾದಿನಗಳಂದು ಒಂದೊಂದಾಗಿ ಜೋಡಿಸಿ, ಒಂದೆರಡು ವರ್ಷಗಳ ನಂತರ ಅದನ್ನು ತಾವೇ ಓಡಿಸಿಕೊಂಡು ರಸ್ತೆಗಿಳಿಯುವ ಹವ್ಯಾಸಿಗಳೂ ಇದ್ದಾರೆ. ಬ್ರಿಟನ್ನಿನಲ್ಲಿ ಇಂಥವರ ಸಂಖ್ಯೆ ಹೆಚ್ಚು. ಅಲ್ಲಿ ಇಂಥ ವಾಹನಕ್ಕೆ ‘ಕಿಟ್ ಕಾರ್’ ಎಂದು ಹೆಸರು.

ಈ ಹವ್ಯಾಸ ಬೆಳೆದುದಕ್ಕೆ ಒಂದು ಕಾರಣ ತೆರಿಗೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರ್ ‘ಲೋಟಸ್ ಸೆವೆನ್’ ಎಂಬ ಪುಟ್ಟ, ಹಗುರವಾದ ಕಾರನ್ನು ತಂದ. ಪೂರ್ಣವಾಗಿ ತಯಾರಾದ ಕಾರಿನ ಮೇಲೆ ಆಗ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಅನುಕೂಲ ತಪ್ಪಿತಾದರೂ ಹವ್ಯಾಸ ನಿಲ್ಲಲಿಲ್ಲ. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಇನ್ನೊಂದು ಕಡೆ, 1962ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ, ಬ್ರಿಟನ್ನಿನ ‘ಏಸಿ ಏಸ್’ ಕಾರಿನೊಳಗೆ ಫೋರ್ಡ್ ಕಂಪೆನಿಯ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ‘ಕೋಬ್ರಾ’ವನ್ನು ಸೃಷ್ಟಿಸಿದ. ಮೂಲ ಕೋಬ್ರಾಗಳು ಕೆಲವೇ, ಬೆಲೆಯೋ ಕೈಗೆಟುಕದಷ್ಟು. ಹೀಗಾಗಿ ಅದನ್ನೇ ಹೋಲುವ ಕಿಟ್‌ಗಳು ಮಾರುಕಟ್ಟೆಗೆ ಬಂದವು.

ಇಷ್ಟು ಶ್ರಮಪಟ್ಟು ಕಟ್ಟಿದ ಕಾರು ಮೊದಲ ದೂರ ಪ್ರಯಾಣದಲ್ಲೇ ಒಡೆಯನನ್ನು ಸೋಲಿಸುವುದುಂಟು. ಎಂಜಿನ್ ಚೆನ್ನಾಗಿದೆ, ಬಣ್ಣ ಹೊಳೆಯುತ್ತದೆ, ಸರ್ಕಾರಿ ತಪಾಸಣೆಯೂ ಮುಗಿದಿದೆ. ಆದರೆ ಕ್ಲಚ್ ಪೆಡಲ್ ಮಾತ್ರ ಕಲ್ಲಿನಂತೆ ಗಟ್ಟಿ! ಪಟ್ಟಣದ ವಾಹನ ದಟ್ಟಣೆಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಡ ಮಂಡಿ ನಡುಗತೊಡಗುತ್ತದೆ. ದಣಿದ ಕಾಲು ಪೆಡಲನ್ನು ಪೂರ್ತಿ ಒತ್ತುವುದಿಲ್ಲ, ಇಲ್ಲವೇ ಥಟ್ಟನೆ ಬಿಟ್ಟುಬಿಡುತ್ತದೆ. ಮುಂದಿನ ಕಾರಿಗೂ ಈ ಕಾರಿಗೂ ನಡುವೆ ಎರಡು ಮೀಟರ್ ಅಂತರವಿರುವಾಗ ಇದು ಬರಿಯ ಕಾಲುನೋವಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಿವೃತ್ತಿಯ ಬಳಿಕ ಬಹುದಿನದ ಆಸೆಯಿಂದ ಕಾರು ಕಟ್ಟಿದ ವ್ಯಕ್ತಿ ಅದನ್ನು ಮಾರಿಬಿಡುವ ಯೋಚನೆಗೆ ಬರಲು ಈ ಒಂದು ಪೆಡಲ್ ಸಾಕು.

ಕಾರ್ಖಾನೆಯಲ್ಲಿ ತಯಾರಾದ ಕಾರಿಗೆ ಈ ತೊಂದರೆ ಅಪರೂಪ. ಅಲ್ಲಿ ಪೆಡಲ್, ಸಿಲಿಂಡರ್, ಕ್ಲಚ್ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಕಿಟ್ ಕಾರಿನಲ್ಲಿ ಎಂಜಿನ್ ಒಂದು ವಾಹನದ್ದು, ಗೇರ್‌ಪೆಟ್ಟಿಗೆ ಇನ್ನೊಂದರದ್ದು, ಪೆಡಲ್ ಕಿಟ್ ತಯಾರಕರದ್ದು, ಮಾಸ್ಟರ್ ಸಿಲಿಂಡರ್ ಆ ಜಾಗಕ್ಕೆ ಹಿಡಿಸಿದ್ದು ಯಾವುದೋ ಅದು. ಬೇರೆ ಬೇರೆ ಮನೆಯ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ.

ಪೆಡಲಿನಿಂದ ಕ್ಲಚ್‌ವರೆಗೆ

ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಪೆಟ್ಟಿಗೆಗೆ ತಲುಪಿಸುವುದು, ಬೇಕೆಂದಾಗ ಆ ಸಂಬಂಧವನ್ನು ಕಡಿಯುವುದು ಕ್ಲಚ್ಚಿನ ಕೆಲಸ. ಎಂಜಿನ್ನಿನ ಫ್ಲೈವೀಲ್ ಹಾಗೂ ಒಂದು ಒತ್ತುಫಲಕ, ಇವೆರಡರ ನಡುವೆ ಕ್ಲಚ್ ತಟ್ಟೆ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಗಿಯಾಗಿ ಅದುಮಿ ಹಿಡಿದಿರುವುದು ಬಲವಾದ ಸ್ಪ್ರಿಂಗ್. ಈಗಿನ ಬಹುಪಾಲು ಕಾರುಗಳಲ್ಲಿ ಇದು ತಟ್ಟೆಯ ಆಕಾರದ, ಒಳಮುಖವಾಗಿ ಬೆರಳುಗಳಂತೆ ಸೀಳಿದ ಡಯಾಫ್ರಂ ಸ್ಪ್ರಿಂಗ್. ಚಾಲಕ ಪೆಡಲ್ ಒತ್ತಿದಾಗ ಒಂದು ಬೇರಿಂಗ್ ಮುಂದೆ ಸರಿದು ಈ ಬೆರಳುಗಳನ್ನು ತಳ್ಳುತ್ತದೆ. ಹಿಡಿತ ಸಡಿಲಾಗಿ ತಟ್ಟೆ ಬಿಡುಗಡೆ ಹೊಂದುತ್ತದೆ.

ಪೆಡಲಿನ ಬಲವನ್ನು ಬೇರಿಂಗಿಗೆ ಒಯ್ಯಲು ಕೆಲವು ಕಾರುಗಳಲ್ಲಿ ಕೇಬಲ್ ಇರುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಆ ಕೆಲಸ ದ್ರವದ್ದು. ಪೆಡಲ್ ಒಂದು ಸನ್ನೆ. ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ದ್ರವ ಕೊಳವೆಯ ಮೂಲಕ ಹರಿದು ಗೇರ್‌ಪೆಟ್ಟಿಗೆಯ ಬಳಿಯ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಆ ಪಿಸ್ಟನ್ ಕವಲಿನಂಥ ಇನ್ನೊಂದು ಸನ್ನೆಯನ್ನು ನೂಕಿ ಬೇರಿಂಗನ್ನು ಸರಿಸುತ್ತದೆ.

ಪ್ರೌಢಶಾಲೆಯಲ್ಲಿ ಓದಿದ ಪಾಸ್ಕಲ್ ನಿಯಮ ಇಲ್ಲಿ ನೆನಪಾಗಬೇಕು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಈ ವಿಷಯವನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623-1662) ವಿವರಿಸಿದ. ಆ ಗ್ರಂಥ ಅಚ್ಚಾದುದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಲಂಡನ್ನಿನಲ್ಲಿ ಬೀಗ ತಯಾರಿಸುತ್ತಿದ್ದ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ದ್ರವಚಾಲಿತ ಒತ್ತುಯಂತ್ರ ರೂಪಿಸಿ 1795ರಲ್ಲಿ ಪೇಟೆಂಟ್ ಪಡೆದ. ಸಣ್ಣ ಪಿಸ್ಟನ್ನನ್ನು ಒತ್ತಿದರೆ ದೊಡ್ಡ ಪಿಸ್ಟನ್ನಿನಲ್ಲಿ ಹೆಚ್ಚು ಬಲ ದೊರೆಯುತ್ತದೆ. ಎಷ್ಟು ಹೆಚ್ಚು ಎಂಬುದು ಎರಡರ ವಿಸ್ತೀರ್ಣದ ಅನುಪಾತವನ್ನು ಅವಲಂಬಿಸಿದೆ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ವ್ಯಾಸದಲ್ಲಿ ಮಾಡಿದ ಅಲ್ಪ ಬದಲಾವಣೆಯೂ ಕಾಲಿಗೆ ತಿಳಿಯುತ್ತದೆ.

1600ರ ಸಾಲ

ಒಂದು ಉದಾಹರಣೆ ತೆಗೆದುಕೊಂಡರೆ ವಿಷಯ ಸ್ಪಷ್ಟವಾದೀತು. ಕ್ಲಚ್ ಬಿಡಿಸಲು ಬೇರಿಂಗನ್ನು 200 ಕಿಲೋ ತೂಕದಷ್ಟು ಬಲದಿಂದ 8 ಮಿಲಿಮೀಟರ್ ಸರಿಸಬೇಕು ಎಂದಿಟ್ಟುಕೊಳ್ಳಿ. ಎಂಟು ಸಿಲಿಂಡರಿನ ಎಂಜಿನ್ನಿಗೆ ಹಾಕಿದ ಗಟ್ಟಿ ಕ್ಲಚ್ಚಿಗೆ ಇದು ಒಪ್ಪುವ ಅಂಕಿ. (ಸ್ಪ್ರಿಂಗಿನ ಬಲ ದಾರಿಯುದ್ದಕ್ಕೂ ಒಂದೇ ಸಮನಿರುವುದಿಲ್ಲ, ಲೆಕ್ಕ ಸುಲಭವಾಗಲೆಂದು ಹಾಗೆ ಭಾವಿಸಬಹುದು.) ಇನ್ನೂರನ್ನು ಎಂಟರಿಂದ ಗುಣಿಸಿದರೆ 1600. ಇದು ಚಾಲಕ ಪ್ರತಿ ಬಾರಿ ಕ್ಲಚ್ ಒತ್ತಿದಾಗಲೂ ತೀರಿಸಬೇಕಾದ ಸಾಲ.

ಕವಲು ಸನ್ನೆಯ ಅನುಪಾತ 2 ಆಗಿದ್ದರೆ ಸ್ಲೇವ್ ಪಿಸ್ಟನ್ 100 ಕಿಲೋ ಬಲದಿಂದ 16 ಮಿ.ಮೀ. ಚಲಿಸಬೇಕು. ಸ್ಲೇವ್ ವ್ಯಾಸ 7/8 ಅಂಗುಲ, ಮಾಸ್ಟರ್ ವ್ಯಾಸ ಮುಕ್ಕಾಲು ಅಂಗುಲ, ಪೆಡಲ್ ಅನುಪಾತ 4 ಎಂದಾದರೆ ಪಾದಕ್ಕೆ ಬೀಳುವ ಭಾರ ಸುಮಾರು 18.4 ಕಿಲೋ. ಪೆಡಲ್ ಚಲಿಸುವ ದೂರ 87 ಮಿ.ಮೀ. ಎರಡನ್ನೂ ಗುಣಿಸಿದರೆ ಮತ್ತೆ 1600!

ಈಗ ಮಾಸ್ಟರ್ ಸಿಲಿಂಡರನ್ನು ಮಾತ್ರ ಬದಲಿಸಿ 0.70 ಅಂಗುಲದ್ದನ್ನು ಹಾಕಿದರೆ ಭಾರ 16 ಕಿಲೋಗೆ ಇಳಿಯುತ್ತದೆ. ದೂರ 100 ಮಿ.ಮೀ. ಆಗುತ್ತದೆ. 5/8 ಅಂಗುಲದ್ದನ್ನು ಹಾಕಿದರೆ ಭಾರ 13 ಕಿಲೋಗಿಂತ ತುಸು ಕಡಿಮೆ. ಆದರೆ ದೂರ 125 ಮಿ.ಮೀ. ಸಿಲಿಂಡರನ್ನು ಮುಟ್ಟದೆ ಪೆಡಲಿನ ಅನುಪಾತವನ್ನೇ 4ರಿಂದ 5ಕ್ಕೆ ಏರಿಸಿದರೆ 14.7 ಕಿಲೋ ಭಾರ, 109 ಮಿ.ಮೀ. ದೂರ. ಯಾವ ದಾರಿಯಲ್ಲಿ ಹೋದರೂ ಗುಣಲಬ್ಧ 1600ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂತು ಚಿಕ್ಕದಾದರೆ ತಿಂಗಳುಗಳು ಹೆಚ್ಚುತ್ತವೆ. ಸಾಲ ಮಾತ್ರ ಕರಗುವುದಿಲ್ಲ. ಹಾರೆಯಿಂದ ಬಂಡೆ ಮೀಟುವವರು ಹಾರೆಯ ತುದಿಯನ್ನು ಹಿಡಿದರೆ ಭಾರ ಕಡಿಮೆಯಾಗುತ್ತದೆ, ಆದರೆ ಕೈ ಹೆಚ್ಚು ದೂರ ಇಳಿಯಬೇಕಾಗುತ್ತದೆ. ಇದೂ ಅದೇ.

ಭಾರವಾದ ಕ್ಲಚ್ಚಿಗೆ ಚಿಕ್ಕ ಮಾಸ್ಟರ್ ಸಿಲಿಂಡರೇ ಮದ್ದು ಎಂದು ಹವ್ಯಾಸಿಗಳು ಪರಸ್ಪರ ಸಲಹೆ ಕೊಡುವುದುಂಟು. ಸಲಹೆ ತಪ್ಪಲ್ಲ, ಅಪೂರ್ಣ. ಕಿಟ್ ಕಾರಿನಲ್ಲಿ ಪಾದ ಇಡುವ ಜಾಗ ಬಹಳ ಇಕ್ಕಟ್ಟು. ಪೆಡಲ್ 125 ಮಿ.ಮೀ. ಇಳಿಯುವ ಮೊದಲೇ ಮುಂದಿನ ತಗಡಿಗೆ ತಾಗಬಹುದು. ಅಷ್ಟು ಹೊತ್ತಿಗೆ ಚಿಕ್ಕ ಪಿಸ್ಟನ್ 31 ಮಿ.ಮೀ.ಗಿಂತ ಹೆಚ್ಚು ಸಾಗಬೇಕು. ಸಿಲಿಂಡರಿನೊಳಗೆ ಅಷ್ಟು ಉದ್ದ ಇರದೆಯೂ ಹೋಗಬಹುದು. ಆಗ ಬೇರಿಂಗ್ 8 ಮಿ.ಮೀ.ಗೆ ಬದಲು 6 ಮಿ.ಮೀ. ಮಾತ್ರ ಸರಿದು ಕ್ಲಚ್ ಅರೆಬರೆ ಬಿಡುತ್ತದೆ. ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ, ಗೇರ್‌ಪೆಟ್ಟಿಗೆಯ ಸಿಂಕ್ರೋ ಬಳೆಗಳು ಸವೆಯುತ್ತವೆ. ಪೆಡಲ್ ಒತ್ತಿ ನಿಂತಿದ್ದರೂ ಕಾರು ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಮಂಡಿಯನ್ನು ಉಳಿಸಲು ಹೋಗಿ ಗೇರ್‌ಪೆಟ್ಟಿಗೆಯನ್ನು ಕಳೆದುಕೊಂಡಂತಾಯಿತು.

ಘರ್ಷಣೆ ಎಂಬ ಬಡ್ಡಿ

ಮೇಲಿನ ಲೆಕ್ಕದಲ್ಲಿ ಘರ್ಷಣೆಯನ್ನು ಸೇರಿಸಿಲ್ಲ. ವಾಸ್ತವದಲ್ಲಿ ಪೆಡಲಿನ ತಿರುಗಣೆಯಿಂದ ಬೇರಿಂಗ್‌ವರೆಗೆ ಪ್ರತಿಯೊಂದು ಕೀಲೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಸಾಲದ ಮೇಲಿನ ಬಡ್ಡಿ ಇದು. ಅಸಲನ್ನು ಕಡಿಮೆ ಮಾಡಲಾಗದಿದ್ದರೂ ಬಡ್ಡಿಯನ್ನು ಕಡಿಮೆ ಮಾಡಬಹುದು. ಇದರಿಂದ ಸಿಗುವ ಲಾಭಕ್ಕೆ ದೂರದ ರೂಪದಲ್ಲಿ ಏನನ್ನೂ ತೆರಬೇಕಿಲ್ಲ.

ಬಡ್ಡಿ ಎಷ್ಟು ಎಂದು ತಿಳಿಯುವ ಸರಳ ಉಪಾಯವೊಂದಿದೆ. ಮನೆಯಲ್ಲಿ ಮೈತೂಕ ನೋಡಿಕೊಳ್ಳುವ ಚಪ್ಪಟೆ ತಕ್ಕಡಿ ಸಾಕು. ಆಸನವನ್ನು ಬಿಚ್ಚಿ ತೆಗೆದು, ತಕ್ಕಡಿಯನ್ನು ಪೆಡಲಿಗೆ ಆನಿಸಿ ನಿಧಾನವಾಗಿ ಒತ್ತಬೇಕು. ಪೆಡಲ್ ಅರ್ಧ ದಾರಿಯಲ್ಲಿರುವಾಗ ಅಂಕಿ ನೋಡಬೇಕು. ಪೂರ್ತಿ ಒತ್ತಿದ ಮೇಲೆ ಅಷ್ಟೇ ನಿಧಾನವಾಗಿ ಬಿಡುತ್ತ ಅದೇ ಜಾಗದಲ್ಲಿ ಮತ್ತೊಮ್ಮೆ ನೋಡಬೇಕು. ಒತ್ತುವಾಗ ಘರ್ಷಣೆ ಕಾಲಿಗೆ ಎದುರಾಗಿರುತ್ತದೆ; ಬಿಡುವಾಗ ಸ್ಪ್ರಿಂಗಿಗೆ ಎದುರಾಗಿರುತ್ತದೆ. ಒತ್ತುವಾಗ 23 ಕಿಲೋ, ಬಿಡುವಾಗ 14 ಕಿಲೋ ತೋರಿಸಿದರೆ ವ್ಯತ್ಯಾಸ 9. ಅದರ ಅರ್ಧ, ಅಂದರೆ ಸುಮಾರು ನಾಲ್ಕೂವರೆ ಕಿಲೋ, ಘರ್ಷಣೆಯದ್ದು. ಪೆಡಲ್ ತಾನಾಗಿ ಚುರುಕಾಗಿ ಮೇಲೇಳದೆ ಸೋಮಾರಿಯಂತೆ ಬರುತ್ತಿದ್ದರೆ ತಕ್ಕಡಿ ಇಲ್ಲದೆಯೇ ಅನುಮಾನಪಡಬಹುದು.

ಹುಡುಕಬೇಕಾದ ಜಾಗಗಳು ಹೆಚ್ಚೇನಿಲ್ಲ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಕಳಚಿ ಪೆಡಲನ್ನು ಕೈಯಿಂದ ಆಡಿಸಿದರೆ ಅದು ಸಲೀಸಾಗಿ ತೂಗಬೇಕು. ಬಿಗಿಯಾಗಿದ್ದರೆ ತಿರುಗಣೆಯ ಬುಷ್ ನೋಡಬೇಕು. ಕಡ್ಡಿ ಓರೆಯಾಗಿ ತಳ್ಳುತ್ತಿದ್ದರೆ ಪಿಸ್ಟನ್ ಗೋಡೆಗೆ ಉಜ್ಜುತ್ತದೆ. ಪೆಡಲ್ ನಡುದಾರಿಯಲ್ಲಿರುವಾಗ ಕಡ್ಡಿ ಪೆಡಲಿಗೆ ಲಂಬವಾಗಿರುವಂತೆ ಜೋಡಿಸುವುದು ಉತ್ತಮ. ಸ್ಲೇವ್ ಸಿಲಿಂಡರಿಗೂ ಇದೇ ಮಾತು: ಬೇರೆ ಗೇರ್‌ಪೆಟ್ಟಿಗೆಗೆ ಹೊಂದಿಸಲು ಮನೆಯಲ್ಲೇ ಮಾಡಿದ ಪಟ್ಟಿಯ ಮೇಲೆ ಅದು ಸೊಟ್ಟಗೆ ಕೂತಿರುವುದು ಸಾಮಾನ್ಯ. ಗೇರ್‌ಪೆಟ್ಟಿಗೆಯನ್ನು ಇಳಿಸುವ ಸಂದರ್ಭ ಬಂದರೆ ಬೇರಿಂಗ್ ಜಾರುವ ಕೊಳವೆ ಹಾಗೂ ಕವಲು ಸನ್ನೆ ಆನಿಕೊಂಡ ಗುಂಡಿಗೆ ತಕ್ಕ ಗ್ರೀಸನ್ನು ತೆಳ್ಳಗೆ ಸವರಬೇಕು. ಹೆಚ್ಚಾದರೆ ಅದು ಸಿಡಿದು ಕ್ಲಚ್ ತಟ್ಟೆಗೆ ಅಂಟಿ, ಕ್ಲಚ್ ಜಾರತೊಡಗುತ್ತದೆ.

ವೇಗವಾಗಿ ಒತ್ತಿದಾಗ ಮಾತ್ರ ಪೆಡಲ್ ಭಾರವೆನಿಸಿ, ಬಹಳ ನಿಧಾನವಾಗಿ ಒತ್ತಿದಾಗ ಹಗುರವೆನಿಸಿದರೆ ಕೊಳವೆ ಎಲ್ಲೋ ಹಿಸುಕಿರಬಹುದು, ಇಲ್ಲವೇ ರಬ್ಬರ್ ಕೊಳವೆಯ ಒಳಗೋಡೆ ಊದಿಕೊಂಡಿರಬಹುದು. ಕಿರಿದಾದ ದಾರಿ ದ್ರವದ ವೇಗಕ್ಕೆ ಅಡ್ಡಿ ಬರುತ್ತದೆಯೇ ಹೊರತು ನಿಂತ ದ್ರವದ ಒತ್ತಡಕ್ಕಲ್ಲ. ಸಾಮಾನ್ಯ ಬ್ರೇಕ್ ದ್ರವ ಬಳಸುವ ವ್ಯವಸ್ಥೆಗೆ ತಪ್ಪಿ ಖನಿಜ ತೈಲ ಸುರಿದರೆ ರಬ್ಬರ್ ಸೀಲುಗಳು ಊದಿ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತವೆ. ಒಳಗೆ ಗಾಳಿ ಸೇರಿದ್ದರೆ ಪೆಡಲ್ ಮೆತ್ತಗಾಗುತ್ತದೆ. ಅದನ್ನು ‘ಹಗುರವಾಯಿತು’ ಎಂದು ಭಾವಿಸಬಾರದು. ಗಾಳಿ ಕುಗ್ಗುವುದರಲ್ಲೇ ಪೆಡಲಿನ ದೂರ ಕಳೆದುಹೋಗಿ ಕ್ಲಚ್ ಬಿಡುವುದೇ ಇಲ್ಲ. ಮಾಸ್ಟರ್ ಸಿಲಿಂಡರನ್ನು ಹೊತ್ತ ತೆಳುತಗಡು ಒತ್ತಿದಾಗ ಬಾಗುತ್ತಿದ್ದರೂ ಇದೇ ನಷ್ಟ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಎದುರಿನಿಂದ ನೋಡಿದರೆ ಬಾಗುವಿಕೆ ಕಣ್ಣಿಗೇ ಕಾಣುತ್ತದೆ. ಹಿಂದಿನಿಂದ ಬಲವಾದ ಫಲಕ ಕೊಟ್ಟು ಅದನ್ನು ಗಟ್ಟಿಗೊಳಿಸಬೇಕು.

ಸಾಲವನ್ನೇ ಇಳಿಸುವುದು

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: 200 ಕಿಲೋ ಬೇಡುವ ಕ್ಲಚ್ ಈ ಕಾರಿಗೆ ನಿಜವಾಗಿ ಬೇಕೆ?

ಕ್ಲಚ್ ಎಷ್ಟು ತಿರುಚುಬಲ ತಾಳಬಲ್ಲದು ಎಂಬುದನ್ನು ಸ್ಪ್ರಿಂಗಿನ ಅದುಮುಬಲ, ತಟ್ಟೆಯ ಘರ್ಷಣಾಂಕ ಹಾಗೂ ತಟ್ಟೆಯ ಸರಾಸರಿ ತ್ರಿಜ್ಯ ನಿರ್ಧರಿಸುತ್ತವೆ. ತಟ್ಟೆ ಅಗಲವಾದಷ್ಟೂ ಅದೇ ಕೆಲಸಕ್ಕೆ ಕಡಿಮೆ ಅದುಮುಬಲ ಸಾಕು. ಎಂಜಿನ್ನಿನಲ್ಲಿ ಏನೂ ಬದಲಾವಣೆ ಮಾಡದಿದ್ದರೆ ಅದರ ತಯಾರಕರು ಗೊತ್ತುಮಾಡಿದ ಕ್ಲಚ್ಚೇ ಧಾರಾಳವಾಗಿ ಸಾಕು. ಆ ಕ್ಲಚ್ಚನ್ನು ರೂಪಿಸಿದ್ದು ಒಂದೂವರೆ ಟನ್ ತೂಗುವ ಸಂಸಾರಿ ಕಾರಿಗೆ ಇದ್ದೀತು. ಅದರ ಅರ್ಧದಷ್ಟೂ ತೂಗದ ಕಿಟ್ ಕಾರು ಹೊರಡುವಾಗ ಕ್ಲಚ್ ಜಾರುವ ಹೊತ್ತೂ ಕಡಿಮೆ, ಕಾಯುವುದೂ ಕಡಿಮೆ. ಹೀಗಿದ್ದರೂ ಪಂದ್ಯದ ಕಾರಿನ ಗಟ್ಟಿ ಕ್ಲಚ್ಚನ್ನು ‘ಇರಲಿ’ ಎಂದು ಹಾಕಿಸಿಕೊಳ್ಳುವವರಿದ್ದಾರೆ. ಬಿಲ್ಲಿನಲ್ಲಿ ಹಣ ಒಮ್ಮೆ ಕೊಟ್ಟರೆ ಮುಗಿಯಿತು. ಎಡಗಾಲು ಮಾತ್ರ ಪ್ರತಿ ಗೇರಿಗೂ ಕೊಡುತ್ತಲೇ ಇರಬೇಕು.

ಗುಜರಿಯಿಂದ ತಂದ ಹಳೆಯ ಕ್ಲಚ್ಚೂ ಭಾರವಾಗಿರಬಹುದು. ತಟ್ಟೆ ಸವೆದಂತೆ ಡಯಾಫ್ರಂ ಸ್ಪ್ರಿಂಗ್ ತನ್ನ ಮೊದಲಿನ ಸ್ಥಾನದಿಂದ ಸರಿಯುತ್ತದೆ. ಅಲ್ಲಿ ಅದನ್ನು ತಳ್ಳಲು ಹೆಚ್ಚು ಬಲ ಬೇಕಾಗುತ್ತದೆ. ಸವೆದ ಕ್ಲಚ್ ಸಡಿಲವಾಗಿರಬೇಕು ಎಂಬ ಊಹೆ ಇಲ್ಲಿ ಉಲ್ಟಾ. ತಟ್ಟೆ, ಒತ್ತುಫಲಕ, ಬೇರಿಂಗ್ ಮೂರನ್ನೂ ಹೊಸದಾಗಿ ಹಾಕಿದ ಮೇಲೆ ಪೆಡಲಿನ ದೂರು ತಾನಾಗಿ ನಿಂತುಹೋಗುವುದುಂಟು.

ಹೊರಗಿನ ನೆರವು

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಹೊರಗಿನಿಂದ ಶಕ್ತಿ ತರಬೇಕು. ನಮ್ಮ ರಸ್ತೆಗಳ ಭಾರಿ ಲಾರಿ, ಬಸ್ಸುಗಳಲ್ಲಿ ಕ್ಲಚ್ಚಿಗೆ ಸಂಪೀಡಿತ ಗಾಳಿಯ ನೆರವು ಇರುವುದನ್ನು ಚಾಲಕರು ಬಲ್ಲರು. ಆ ನೆರವಿಲ್ಲದೆ ದಿನವಿಡೀ ಅಂಥ ವಾಹನ ಓಡಿಸುವುದು ಕಷ್ಟ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆ ಉಂಟಾಗುವ ಭಾಗಶಃ ನಿರ್ವಾತವನ್ನು ಬಳಸುವ ಸರ್ವೋ ಜೋಡಿಸಬಹುದು. ಇಲ್ಲಿ ಪೆಡಲಿನ ದೂರ ಹೆಚ್ಚದೆಯೇ ಭಾರ ಇಳಿಯುತ್ತದೆ, ಏಕೆಂದರೆ ಸಾಲದ ಒಂದು ಪಾಲನ್ನು ಎಂಜಿನ್ ತೀರಿಸುತ್ತದೆ. ಆದರೆ ಎಂಜಿನ್ ನಿಂತ ಬಳಿಕ ಕೂಡಿಟ್ಟ ನಿರ್ವಾತ ಕೆಲವೇ ಒತ್ತುಗಳಲ್ಲಿ ಮುಗಿದು ಪೆಡಲ್ ಮತ್ತೆ ಮೊದಲಿನಂತಾಗುತ್ತದೆ. ಇಕ್ಕಟ್ಟಾದ ಕಾರಿನಲ್ಲಿ ಸರ್ವೋಗೆ ಜಾಗ ಹುಡುಕುವುದೂ ಸುಲಭವಲ್ಲ.

ಪೆಡಲಿನ ಬಳಿ ಒಂದು ನೆರವು ಸ್ಪ್ರಿಂಗ್ ಹಾಕುವುದು ಇನ್ನೊಂದು ವಿಧಾನ. ಪೆಡಲಿನ ಚಲನೆಯ ಮೊದಲಲ್ಲಿ ಅದು ತುಸು ವಿರೋಧಿಸಿ, ಒಂದು ಬಿಂದು ದಾಟಿದ ಮೇಲೆ ಕಾಲಿನ ಜೊತೆಗೂಡಿ ತಳ್ಳುತ್ತದೆ. ಹೊಸ ಶಕ್ತಿಯೇನೂ ಬರುವುದಿಲ್ಲ. ಭಾರ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹಂಚಿಕೆಯಾಗುತ್ತದೆ. ಆ ಸ್ಪ್ರಿಂಗ್ ಪೆಡಲನ್ನು ಪೂರ್ತಿ ಮೇಲಕ್ಕೆ ಬರಲು ಬಿಡಬೇಕು. ಇಲ್ಲವಾದರೆ ಮಾಸ್ಟರ್ ಸಿಲಿಂಡರಿನ ದ್ರವ ತನ್ನ ಪಾತ್ರೆಗೆ ಮರಳುವ ರಂಧ್ರ ಮುಚ್ಚಿಯೇ ಉಳಿದು, ಕ್ಲಚ್ ಸದಾ ಅರೆ ಒತ್ತಿದಂತಾಗಿ ಜಾರಿ ಸುಟ್ಟುಹೋದೀತು.

ಕೆಲಸದ ಕ್ರಮ

ಆದ್ದರಿಂದ ಮೊದಲು ಹಣ ಖರ್ಚಾಗದ ಕೆಲಸ ಮಾಡುವುದು ಜಾಣತನ. ಆಸನವನ್ನು ಹಿಂದೆ ಮುಂದೆ ಸರಿಸಿ, ಪೆಡಲ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ ನೋಡಿಕೊಳ್ಳಬೇಕು. ತೀರ ಮಡಿಸಿದ ಮಂಡಿಗೆ ಬಲ ಸಾಲದು. ಸೊಂಟದಿಂದ ಎಳೆದು ಚಾಚಿದ ಕಾಲಿಗೆ ಹತೋಟಿ ಸಾಲದು. ನಂತರ ಘರ್ಷಣೆಯನ್ನು ಅಳೆದು ಅದರ ಮೂಲ ಹುಡುಕಬೇಕು. ಆಮೇಲೆ ಕ್ಲಚ್ ಎಂಜಿನ್ನಿಗೆ ತಕ್ಕದ್ದೇ, ಸವೆದಿದೆಯೇ ಎಂದು ವಿಚಾರಿಸಬೇಕು. ಸಿಲಿಂಡರ್ ಬದಲಿಸುವ ಮಾತು ಬರುವುದು ಇವೆಲ್ಲ ಆದ ಮೇಲೆ.

ಬದಲಿಸುವ ಮೊದಲು ಸ್ಲೇವ್ ಸಿಲಿಂಡರಿನ ಕಡ್ಡಿ ಎಷ್ಟು ಮಿಲಿಮೀಟರ್ ಚಲಿಸುತ್ತದೆಂದು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಅಳೆಯುವಾಗ ಸ್ಲೇವ್ ತನ್ನ ಜಾಗದಲ್ಲೇ ಇರಬೇಕು. ಅದನ್ನು ಕಳಚಿಟ್ಟು ಪೆಡಲ್ ಒತ್ತಿದರೆ ಪಿಸ್ಟನ್ ಹೊರಕ್ಕೆ ಚಿಮ್ಮುತ್ತದೆ. ಉದಾಹರಣೆಯ ಕಾರಿಗೆ ಬೇಕಾದ್ದು 16 ಮಿ.ಮೀ. ಈಗ ಅಲ್ಲಿ 20 ಮಿ.ಮೀ. ಬರುತ್ತಿದ್ದರೆ 4 ಮಿ.ಮೀ. ವ್ಯರ್ಥವಾಗುತ್ತಿದೆ, ಅದನ್ನು ಕೊಟ್ಟು ಭಾರ ಇಳಿಸಿಕೊಳ್ಳಬಹುದು. 0.70 ಅಂಗುಲದ ಮಾಸ್ಟರ್ ಹಾಕಿದರೆ ಚಲನೆ 17.4 ಮಿ.ಮೀ.ಗೆ ಇಳಿಯುತ್ತದೆ, ಇನ್ನೂ ಸಾಲುತ್ತದೆ. 5/8 ಅಂಗುಲದ್ದಾದರೆ 14 ಮಿ.ಮೀ.ಗೂ ಕಡಿಮೆ; ಸಾಲುವುದಿಲ್ಲ. ಈಗಲೇ ಬರುತ್ತಿರುವುದು 16 ಮಿ.ಮೀ. ಆಗಿದ್ದರೆ ಪೆಡಲಿಗೆ ಇನ್ನಷ್ಟು ಇಳಿಯುವ ಜಾಗ ಮಾಡಿಕೊಡದೆ ಸಿಲಿಂಡರ್ ಚಿಕ್ಕದು ಮಾಡುವಂತಿಲ್ಲ. ಪೆಡಲಿನ ಅನುಪಾತ ಬದಲಿಸಲು ಹೊಸ ರಂಧ್ರ ಕೊರೆಯುವಾಗ ಅಂಚಿನಲ್ಲಿ ಸಾಕಷ್ಟು ಲೋಹ ಉಳಿದಿದೆಯೇ ಎಂದು ನೋಡಬೇಕು. ಪಕ್ಕದ ಬ್ರೇಕ್ ಪೆಡಲಿನಲ್ಲಿ ಇಂಥ ಪ್ರಯೋಗ ಸಲ್ಲದು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ. ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ, ಸಮತಟ್ಟಾದ ಖಾಲಿ ಜಾಗದಲ್ಲಿ ಕೈಬ್ರೇಕ್ ಹಾಕಿ, ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ಕಾದು ರಿವರ್ಸ್ ಗೇರ್ ಹಾಕಬೇಕು. ಅನೇಕ ಗೇರ್‌ಪೆಟ್ಟಿಗೆಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರುವುದಿಲ್ಲವಾದ್ದರಿಂದ ಕ್ಲಚ್ ಪೂರ್ತಿ ಬಿಟ್ಟಿದ್ದರೆ ಮಾತ್ರ ಸದ್ದಿಲ್ಲದೆ ಕೂರುತ್ತದೆ. ಕರ್ರೆಂದು ಸದ್ದು ಬಂದರೆ ಪೆಡಲ್ ಎಷ್ಟೇ ಹಗುರವಾಗಿದ್ದರೂ ಕಾರನ್ನು ರಸ್ತೆಗೆ ಇಳಿಸಬಾರದು. ಸದ್ದಿಲ್ಲದೆ ಕೂತು, ತಕ್ಕಡಿಯಲ್ಲಿ 23 ಕಿಲೋ ಇದ್ದದ್ದು 17 ಅಥವಾ 18ಕ್ಕೆ ಇಳಿದಿದ್ದರೆ, ಆ ಚಾಲಕ ದಟ್ಟಣೆಯ ರಸ್ತೆಯಲ್ಲೂ ಎಡಗಾಲನ್ನು ಮರೆತು ಎದುರಿನ ದಾರಿಯ ಮೇಲೆ ಗಮನವಿಡಬಹುದು.